ಹಳೆಯ ಗಣಕಯಂತ್ರ, ಹೊಸ ಕಾರ್ಡು



ಮನೆಯ ಹಳೆಯ ವಸ್ತುವೊಂದು ಹೊಸದರೊಡನೆ ಹೊಂದಿಕೊಳ್ಳದಿದ್ದಾಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು, 'ಇದರ ಕಾಲ ಮುಗಿಯಿತು' ಎಂಬುದೇ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ವಿಚಾರಣೆಯಿಲ್ಲದ ತೀರ್ಪು ನಿರ್ಜೀವ ವಸ್ತುವಿನ ವಿಷಯದಲ್ಲಿಯೂ ಸಲ್ಲದು. ಹಳೆಯ ಗಣಕಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡನ್ನು ಜೋಡಿಸಿ, ಬೆಳಗದ ಪರದೆಯ ಮುಂದೆ ಕುಳಿತವರಿಗೆ ಇದು ಚೆನ್ನಾಗಿ ಅರ್ಥವಾದೀತು.

ನನಗೆ ಪರಿಚಿತವಾದ ಕುಟುಂಬವೊಂದರ ಮಗಳು ಕಂಪ್ಯೂಟರಿನಲ್ಲಿ ತ್ರಿಆಯಾಮದ ಚಿತ್ರರಚನೆಯನ್ನು ಕಲಿಯುತ್ತಿದ್ದಾಳೆ. ಮನೆಯಲ್ಲಿರುವುದು 2012ರ ಯಂತ್ರ. ಆಕೆಗೆ ಬೇಕಾದ ಬ್ಲೆಂಡರ್ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಆದರೆ 2023ರಲ್ಲಿ ಬಂದ 4.0 ಆವೃತ್ತಿಯಿಂದ ಅದು ಓಪನ್‌ಜಿಎಲ್ 4.3 ಎಂಬ ಮಟ್ಟದ ಚಿತ್ರಸಾಮರ್ಥ್ಯವನ್ನು ಅಪೇಕ್ಷಿಸುತ್ತದೆ. ಆ ಯಂತ್ರದ ಪ್ರೊಸೆಸರಿನಲ್ಲಿ ಅಡಕವಾಗಿದ್ದ ಗ್ರಾಫಿಕ್ಸಿಗೆ ಅದು ನಿಲುಕದು. ಪಾಠಗಳೆಲ್ಲವೂ ಹೊಸ ಆವೃತ್ತಿಯಲ್ಲಿವೆ. ಹೊಲಿಗೆಯಿಂದ ಸಂಸಾರ ಸಾಗಿಸುವ ತಂದೆ ಹಣ ಕೂಡಿಸಿ ಕಾರ್ಡೊಂದನ್ನು ತಂದರು. ಜೋಡಿಸಿದಾಗ ಫ್ಯಾನುಗಳು ತಿರುಗಿದವು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. 'ಹೊಸ ಕಂಪ್ಯೂಟರನ್ನೇ ಕೊಳ್ಳಿರಿ' ಎಂದರು ಅಂಗಡಿಯವರು. ಕೊಳ್ಳುವ ಶಕ್ತಿ ಇದ್ದಿದ್ದರೆ ಅವರು ಕಾರ್ಡನ್ನು ತರುತ್ತಲೇ ಇರಲಿಲ್ಲ.

ಇಂಥ ಸಂದರ್ಭದಲ್ಲಿ ಎರಡು ನಿಯಮಗಳು ನಮ್ಮನ್ನು ಕಾಯುತ್ತವೆ. ಅಪಾಯವಿಲ್ಲದ, ಹಿಂದಕ್ಕೆ ತೆಗೆದುಕೊಳ್ಳಬಹುದಾದ ಹೆಜ್ಜೆಯನ್ನು ಮೊದಲು ಇಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತು ಎಂಬುದು ತಿಳಿಯದು. ಒಂದು ಸಂಜೆ ತಂದೆ ಮಗಳೊಡನೆ ಕುಳಿತು ಹೀಗೆಯೇ ನೋಡುತ್ತ ಹೋದೆವು.

ಮಾನಿಟರಿನ ತಂತಿ ಹಳೆಯ ಕಿಂಡಿಯಲ್ಲಿಯೇ ಉಳಿದಿಲ್ಲವಷ್ಟೆ? ಇಲ್ಲ, ಕಾರ್ಡಿಗೇ ಸೇರಿದೆ. ವಿದ್ಯುತ್ ಸಂಪರ್ಕವನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಕಾರ್ಡನ್ನು ತೆಗೆದು ಕೊಂಡಿ ಬೀಳುವವರೆಗೆ ಮತ್ತೆ ಒತ್ತಿ ಕೂರಿಸಿದೆವು. ಪ್ರಯೋಜನವಾಗಲಿಲ್ಲ. ಬಳಿಕ ವಿದ್ಯುತ್ತಿನ ಲೆಕ್ಕ. ಕಾರ್ಡು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿ ಗರಿಷ್ಠ 75 ವ್ಯಾಟ್ ಒದಗಿಸಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದರೆ ಆರು ಪಿನ್ನಿನ ತಂತಿ ಇನ್ನೂ 75, ಎಂಟು ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಈ ಕಾರ್ಡಿಗೆ ಪ್ರತ್ಯೇಕ ತಂತಿಯೇ ಬೇಕಿರಲಿಲ್ಲ. ಅಷ್ಟನ್ನು ಹೊರುವ ಬಲ ಪವರ್ ಸಪ್ಲೈಗೆ ಇತ್ತು.

ಕಾರ್ಡನ್ನು ತೆಗೆದಾಗ ಯಂತ್ರ ಎಂದಿನಂತೆ ನಡೆಯಿತು. ಅದೇ ಕಾರ್ಡನ್ನು ಬಂಧುವೊಬ್ಬರ ಹೊಸ ಯಂತ್ರಕ್ಕೆ ಹಾಕಿದಾಗ ಅದೂ ನಡೆಯಿತು. ಗಮನಿಸಿರಿ, ಇಲ್ಲಿ ರೋಗಿಯೇ ಇಲ್ಲ. ಎರಡೂ ಆರೋಗ್ಯವಾಗಿವೆ, ಅವುಗಳ ನಡುವೆ ಮಾತು ಮಾತ್ರ ಹುಟ್ಟುತ್ತಿಲ್ಲ. ದೋಷ ಯಾರದು ಎಂದು ಕೇಳುವುದನ್ನು ಬಿಟ್ಟು, ಕೊರತೆ ಏನು ಎಂದು ಕೇಳಿದಾಗಲೇ ದಾರಿ ತೆರೆಯಿತು.

ಕೊರತೆ ಇದ್ದುದು ಬಯಾಸ್‌ನಲ್ಲಿ. ಗುಂಡಿ ಒತ್ತಿದೊಡನೆ ಯಂತ್ರವನ್ನು ಎಬ್ಬಿಸುವ ಈ ಪುಟ್ಟ ಕ್ರಮವಿಧಿ 1981ರ ಐಬಿಎಂ ಪಿಸಿಯ ಕಾಲದ ಪರಂಪರೆಯದು. ಮುಂದೆ ಅದರ ಸ್ಥಾನಕ್ಕೆ ಯುಇಎಫ್ಐ ಎಂಬ ವ್ಯವಸ್ಥೆ ಬಂದಿತು. ಹೊಸ ಕಾರ್ಡುಗಳು ಈ ಹೊಸ ನುಡಿಯನ್ನು ನೆಚ್ಚಿಕೊಂಡಿರುವುದರಿಂದ, ಸಂಧಿಕಾಲದ ಯಂತ್ರಗಳು ಕೆಲವೊಮ್ಮೆ ಅವನ್ನು ಗುರುತಿಸಲಾರವು. ಆ ಯಂತ್ರದ ತಯಾರಕರ ತಾಣದಲ್ಲಿ, ಅದೇ ಮಾದರಿಗೆಂದು ಪರಿಷ್ಕೃತ ಬಯಾಸ್ ಒಂದು ಲಭ್ಯವಿತ್ತು.

ಆದರೆ ಇದು ಸುಲಭವಾಗಿ ಹಿಂದಕ್ಕೆ ಬರಲಾಗದ ಹೆಜ್ಜೆ. ಪರಿಷ್ಕರಣೆಯ ನಡುವೆ ವಿದ್ಯುತ್ ಹೋದರೆ ಇರುವ ಯಂತ್ರವೂ ಏಳದೆ ಹೋಗಬಹುದು. ನಮ್ಮ ಊರುಗಳಲ್ಲಿ ಕರೆಂಟಿನ ಭರವಸೆ ಎಷ್ಟೆಂಬುದು ತಮಗೆ ತಿಳಿಯದ್ದೇನಲ್ಲ. ತಂದೆ ಅರೆಕ್ಷಣ ಮಗಳ ಮುಖ ನೋಡಿ, 'ಈಗ ಬೇಡ' ಎಂದರು. ಆಕೆಯ ಕಡತಗಳೆಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡೆವು. ಯುಪಿಎಸ್ ಒಂದನ್ನು ಎರವಲು ತಂದು, ಮಾದರಿಯ ಸಂಖ್ಯೆಯನ್ನು ಮತ್ತೊಮ್ಮೆ ತಾಳೆನೋಡಿ, ಮರುದಿನ ಕಾರ್ಡಿಲ್ಲದೆಯೇ ಪರಿಷ್ಕರಣೆ ನಡೆಸಿದೆವು. ಆ ಕೆಲವು ನಿಮಿಷ ಯಾರೂ ಮಾತನಾಡಲಿಲ್ಲ. ಬಳಿಕ ಕಾರ್ಡನ್ನು ಕೂರಿಸಿ ಗುಂಡಿ ಒತ್ತಿದಾಗ ಪರದೆ ಬೆಳಗಿತು. ಕಾರ್ಡಿನ ತಯಾರಕರದೇ ತಾಣದಿಂದ ಡ್ರೈವರನ್ನು ತಂದು ಅಳವಡಿಸಿದ ಮೇಲೆ ಬ್ಲೆಂಡರ್ ತೆರೆಯಿತು.

ಇದರಿಂದ ಹಳೆಯ ಯಂತ್ರ ಹೊಸದಾಯಿತೆಂದು ಭಾವಿಸಬಾರದು. ಅದರ ಪ್ರೊಸೆಸರ್ ಮೊದಲಿನಷ್ಟೇ ನಿಧಾನ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಅಷ್ಟು ಹಳೆಯ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಒಂದು ದಿನ ಈ ಯಂತ್ರವನ್ನು ಬೀಳ್ಕೊಡಲೇಬೇಕು. ಆಗ ಕಾರ್ಡನ್ನು ಕಳಚಿ ಮುಂದಿನ ಯಂತ್ರಕ್ಕೆ ಒಯ್ಯಬಹುದು. ತಂದೆಯ ದುಡಿಮೆ ವ್ಯರ್ಥವಾಗದು.

ಆದುದರಿಂದ, ವಾಚಕರೇ, ತಮ್ಮ ಮನೆಯಲ್ಲೂ ಯಾವುದಾದರೊಂದು ಪರದೆ ಕಪ್ಪಾದರೆ ಅದನ್ನು ಹೊರಗೆ ಹಾಕುವ ಮುನ್ನ ಒಂದು ಸಂಜೆಯನ್ನು ಅದಕ್ಕೆ ಮೀಸಲಿಡಿರಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿರಿ. ಯಂತ್ರ ದುರಸ್ತಿಯಾಗದೆ ಹೋದರೂ, ಆತುರಪಡದೆ ಒಂದೊಂದಾಗಿ ಪರಿಶೀಲಿಸುವ ಅಭ್ಯಾಸ ಅವರ ಪಾಲಿಗೆ ಉಳಿಯುತ್ತದೆ.