ತಾಮ್ರದ ಹಲಗೆಯ ಕಾಯಕ

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದ ಶಾಸನಗಳಲ್ಲಿ ಶಿಲೆಯನ್ನು ಕೊರೆದು ತೆಗೆದ ಎಡೆಯೇ ಅಕ್ಷರವಾಗಿ ನಿಂತಿದೆ. ವಿದ್ಯಾರ್ಥಿಗಳು ಕೈಯಾರೆ ತಯಾರಿಸುವ ಮುದ್ರಿತ ವಿದ್ಯುನ್ಮಂಡಲದ ಹಲಗೆಯಲ್ಲಿ ಇದು ತಿರುವುಮುರುವು. ಬೇಡವಾದ ತಾಮ್ರವೆಲ್ಲ ಕರಗಿಹೋದ ಮೇಲೆ ಉಳಿದುದೇ ಅಲ್ಲಿಯ ಬರಹ. ಅದೇ ವಿದ್ಯುತ್ತು ಹರಿಯುವ ದಾರಿ.

ಆಸ್ಟ್ರಿಯಾದ ಪಾಲ್ ಐಸ್ಲರ್ ಎಂಬ ತಂತ್ರಜ್ಞರು 1936ರ ಸುಮಾರಿಗೆ ಲಂಡನ್ನಿನಲ್ಲಿ ಇಂಥ ಹಲಗೆಯುಳ್ಳ ರೇಡಿಯೋ ಒಂದನ್ನು ರಚಿಸಿದರು. ಇಂದು ಗಡಿಯಾರದಿಂದ ಉಪಗ್ರಹದವರೆಗೆ ಈ ಹಲಗೆಯಿಲ್ಲದ ಯಂತ್ರ ಅಪರೂಪ. ಆದರೂ ಅದು ದೂರದ ಕಾರ್ಖಾನೆಗಳಲ್ಲಿ ಮಾತ್ರ ಹುಟ್ಟುವ ವಸ್ತುವೆಂಬ ಅಂಜಿಕೆ ನಮ್ಮ ಹಳ್ಳಿಯ ಮಕ್ಕಳಲ್ಲಿದೆ. ಆ ಅಂಜಿಕೆ ಕಳೆಯುವುದೇ ಈ ಕೆಲಸದ ಮೊದಲ ಫಲವೆಂದು ವಿಜ್ಞಾನ ಶಿಕ್ಷಕನಾದ ನಾನು ಭಾವಿಸಿದ್ದೇನೆ.

ವಿಧಾನ ಸರಳವಾದುದು. ಹಲಗೆಗೆ ಅಂಟಿದ ತಾಮ್ರದ ಪದರು ಸಾಮಾನ್ಯವಾಗಿ 35 ಮೈಕ್ರಾನ್, ಅಂದರೆ ಕೂದಲೆಳೆಗಿಂತಲೂ ತೆಳುವು. ಅದನ್ನು ಉಜ್ಜಿ ಶುಚಿಗೊಳಿಸಿ, ಅಳಿಯದ ಮಸಿಯ ಪೆನ್ನಿನಿಂದ ನಕ್ಷೆ ಬರೆಯಬೇಕು. ಇಲ್ಲವೆ ಲೇಸರ್ ಮುದ್ರಣದ ನಕ್ಷೆಯನ್ನು ಇಸ್ತ್ರಿಪೆಟ್ಟಿಗೆಯ ಕಾವಿನಿಂದ ಅದರ ಮೇಲೆ ಇಳಿಸಬೇಕು. ಬಳಿಕ ಪ್ಲಾಸ್ಟಿಕ್ ತಟ್ಟೆಯಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣದೊಳಗಿಟ್ಟು ಅಲುಗಾಡಿಸುತ್ತಿದ್ದರೆ ಮಸಿಯಿಲ್ಲದೆಡೆಯ ತಾಮ್ರ ಕರಗುತ್ತದೆ. ತೊಳೆದು, ಸಣ್ಣ ರಂಧ್ರ ಕೊರೆದು, ಬಿಡಿಭಾಗಗಳನ್ನು ಬೆಸೆದರೆ ಹಲಗೆ ಸಿದ್ಧ. ಒಂದೆರಡು ಟ್ರಾನ್ಸಿಸ್ಟರುಗಳಿಂದ ಎರೆಭೂಮಿಯ ತೇವವನ್ನು ತಿಳಿಸುವ ಪುಟ್ಟ ದೀಪವನ್ನು ಹೀಗೆ ರಚಿಸಬಹುದು. ರೈತರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಬೇರೆ ಯಾವುದಿದೆ?

ಆದರೆ ದೀಪ ಹೊತ್ತಿದಾಗ ಕೆಲಸ ಮುಗಿಯಿತೆಂದು ನಾನು ತಿಳಿಯುವುದಿಲ್ಲ. ತಟ್ಟೆಯಲ್ಲಿ ಉಳಿದ ದ್ರಾವಣದಲ್ಲಿ ಕರಗಿದ ತಾಮ್ರವಿರುತ್ತದೆ. ನೀರಿನಲ್ಲಿ ಅಲ್ಪ ಪ್ರಮಾಣದ ತಾಮ್ರವೂ ಮೀನು ಮೊದಲಾದ ಜಲಜೀವಿಗಳಿಗೆ ವಿಷ. ಅಂತರ್ಜಲ ಸವುಳಾದ ನವಲಗುಂದದ ಸೀಮೆಯಲ್ಲಿ ತಲೆಮಾರುಗಳಿಂದ ಊರನ್ನು ಬದುಕಿಸಿದ್ದು ಕೆರೆಯ ನೀರು. ಆದಕಾರಣ ಆ ದ್ರಾವಣವನ್ನು ಗಟಾರಕ್ಕಾಗಲಿ ಹೊಲಕ್ಕಾಗಲಿ ಚೆಲ್ಲಲಾಗದು. ಬಯಲಿನಲ್ಲಿ, ಶಿಕ್ಷಕರ ಸಮ್ಮುಖದಲ್ಲಿ ಅದರೊಳಗೆ ಕಬ್ಬಿಣದ ಚೂರುಗಳನ್ನು ಹಾಕಿದರೆ ಕಬ್ಬಿಣ ಕರಗಿ ತಾಮ್ರವು ಕೆಂಪು ಪುಡಿಯಾಗಿ ಹೊರಬೀಳುತ್ತದೆ. ಬಳಿಕ ವಾಷಿಂಗ್ ಸೋಡಾವನ್ನು ನಿಧಾನವಾಗಿ ಬೆರೆಸಿದರೆ ಉಳಿದ ಲೋಹಗಳೂ ಗಸಿಯಾಗಿ ತಳಕ್ಕಿಳಿಯುತ್ತವೆ. ಆ ಗಸಿಯನ್ನು ಮುಚ್ಚಿದ ಡಬ್ಬಿಯಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವ ಅಧಿಕೃತ ಘಟಕಕ್ಕೆ ಒಪ್ಪಿಸತಕ್ಕದ್ದು. ಪಠ್ಯದಲ್ಲಿ ಒಂದು ಸಮೀಕರಣವಾಗಿದ್ದ ಲೋಹಗಳ ಪಲ್ಲಟ ಆಗ ಕಣ್ಣೆದುರಿಗೇ ನಡೆಯುತ್ತದೆ.

ಕಾಯಕದ ಫಲದಷ್ಟೇ ಅದರ ಮಾರ್ಗವೂ ಶುದ್ಧವಿರಬೇಕೆಂಬುದು ಶರಣರು ನಮಗೆ ಬಿಟ್ಟುಹೋದ ಅರಿವು. ಶಾಲೆಗಳಿಗೆ ಉಪಕರಣಗಳನ್ನು ದಯಪಾಲಿಸುವ ಉದಾರಿಗಳು ಬೆಸುಗೆಯ ಕಡ್ಡಿಯ ಜೊತೆಗೆ ಕಣ್ಣಿನ ಕನ್ನಡಕ, ಕೈಗವಸು, ತ್ಯಾಜ್ಯದ ಡಬ್ಬಿಗಳಿಗೂ ನಾಲ್ಕು ಕಾಸು ತೆಗೆದಿಡಲೆಂದು ವಿನಂತಿಸುತ್ತೇನೆ. ತಾನು ಮಾಡಿದ್ದರ ಕೊಳೆಯನ್ನು ತಾನೇ ತೊಳೆಯಲು ಕಲಿತ ವಿದ್ಯಾರ್ಥಿ ನಾಳೆ ಯಾವ ಕಾರ್ಖಾನೆಯನ್ನು ನಡೆಸಿದರೂ ಊರ ಕೆರೆಯನ್ನು ಮರೆಯಲಾರನು.