ಕೇಳಿದ್ದನ್ನು ಹೇಳುವ ಸುಖ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಜಾತ್ರೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುವಾಗ ನಿಜವಾದ ವಿಮರ್ಶಕರು ಕೂರುವುದು ಹಿಂದೆ. ಮುಂದಿನ ಸಾಲು ಗಣ್ಯರದು, ಶಾಲು-ಹಾರದವರದು. ಹಿಂದೆ ಕೂತವರಲ್ಲಿ ಬೆಟಗೇರಿಯ ನೇಕಾರರಿರುತ್ತಾರೆ, ನಿವೃತ್ತ ಮಾಸ್ತರರಿರುತ್ತಾರೆ, ಶಿರಹಟ್ಟಿ-ಮುಂಡರಗಿ ಕಡೆಯಿಂದ ಸಂಜೆಯ ಬಸ್ಸಿಗೆ ಬಂದು ಬೆಳಗಿನ ಬಸ್ಸಿಗೆ ಹೊರಡುವ ರೈತರಿರುತ್ತಾರೆ. ಪತ್ರಿಕೆಗೆ ಒಂದು ಸಾಲು ಬರೆದವರಲ್ಲ. ಆದರೆ ಗಾಯಕ ಷಡ್ಜ ಹಚ್ಚಿದ ಕೂಡಲೇ ಒಬ್ಬರ ಕಣ್ಣು ಮುಚ್ಚುತ್ತದೆ, ಇನ್ನೊಬ್ಬರ ಬೆರಳು ತೊಡೆಯ ಮೇಲೆ ಮಾತ್ರೆ ಎಣಿಸತೊಡಗುತ್ತದೆ. ಗಾಯಕ ಸಮಕ್ಕೆ ನೆಟ್ಟಗೆ ಬಂದರೆ ಅಷ್ಟೂ ತಲೆಗಳು ಒಮ್ಮೆಲೇ ತೂಗುತ್ತವೆ. ಬರದಿದ್ದರೆ ಒಂದೂ ಅಲುಗುವುದಿಲ್ಲ.

ತೀರ್ಪು ಹೊರಬೀಳುವುದು ಮರುದಿನ ಬೆಳಿಗ್ಗೆ, ಚಹಾದಂಗಡಿಯ ಮುಂದೆ.

"ತಾನ ಭಾಳ ಚಲೋ ಹೊಡದ್ರಲ್ರೀ ಕಾಕಾ."

"ಹೊಡದ್ರಪಾ, ಇಲ್ಲ ಅನ್ನಂಗಿಲ್ಲ. ಆದ್ರ ಗಂಧಾರದ ಮ್ಯಾಲೆ ಒಂದ್ ಗಳಿಗಿ ನಿಂತು ತೋರಸ್ಬೇಕಿತ್ತು. ಓಡಾಕ ಎಲ್ಲಾರಿಗೂ ಬರ್ತದ."

ಎರಡೇ ಮಾತಿನಲ್ಲಿ ಹೊಗಳಿಕೆಯೂ ಇದೆ, ಕೊರತೆಯೂ ಇದೆ. ಕೊರತೆ ಯಾವ ಸ್ವರದಲ್ಲಿ ಎಂಬ ವಿಳಾಸವೂ ಇದೆ. ಸಂಗೀತದ ಬಗ್ಗೆ ಬರೆಯುವವರು ಪುಟಗಟ್ಟಲೆ ಬರೆದು ಮುಟ್ಟಲು ಹೆಣಗುವ ಜಾಗವಿದು. 'ಶ್ರೋತೃಗಳನ್ನು ಮಂತ್ರಮುಗ್ಧಗೊಳಿಸಿದರು' ಎಂದು ಬರೆದರೆ ಯಾವ ಗಾಯಕನಿಗೂ ಅಂಟಿಸಬಹುದು. ಗಂಧಾರದ ಮಾತನ್ನು ಅಂದಿನ ರಾತ್ರಿಗೆ, ಅಂದಿನ ಗಾಯಕನಿಗೆ ಮಾತ್ರ ಹೇಳಲು ಸಾಧ್ಯ.

ಈ ಕಿವಿ ಹದಗೊಳ್ಳಲು ನೂರು ವರ್ಷಕ್ಕೂ ಮಿಕ್ಕಿ ಕಾಲ ಹಿಡಿದಿದೆ. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಮೊದಲು ಕರ್ನಾಟಕ ಸಂಗೀತ, ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಹಿಂದುಸ್ತಾನಿ ಕಲಿತರು. ಕಲಿತದ್ದನ್ನು ಈ ಆಶ್ರಮದ ಅಂಧ, ಅನಾಥ ಮಕ್ಕಳಿಗೆ ಅನ್ನದ ಜೊತೆಗೇ ಬಡಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮದ ಭಾರ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಅವರೂ ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಹಾಡು, ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎಲ್ಲ ಬಲ್ಲವರು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಬರೆದು ಕಂಪನಿ ನಡೆಸಿದರು. 2010ರಲ್ಲಿ ಅವರು ಕಣ್ಮರೆಯಾಗುವ ಹೊತ್ತಿಗೆ ಈ ಭಾಗದ ಊರೂರಲ್ಲೂ ಆಶ್ರಮದಲ್ಲಿ ಕಲಿತ ಒಬ್ಬ ಸಂಗೀತ ಮಾಸ್ತರರು, ಒಬ್ಬ ತಬಲಾದವರು, ಒಬ್ಬ ಪುರಾಣ ಹಾಡುವವರು ನೆಲೆಸಿದ್ದರು. ಕೇಳುಗರನ್ನು ತಯಾರು ಮಾಡಿದವರು ಅವರೇ.

ನಾಟಕದ ಮಂದಿಯ ಪಾಲೂ ಸಣ್ಣದಲ್ಲ. ಶಿರಹಟ್ಟಿಯ ವೆಂಕೋಬರಾಯರ ಕಂಪನಿ, ಲಕ್ಷ್ಮೇಶ್ವರದ ಬಚ್ಚಾಸಾನಿಯ ಕಂಪನಿ, ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಇವೆಲ್ಲ ರಂಗಗೀತೆಯಿಂದಲೇ ಜನರನ್ನು ಕಟ್ಟಿಹಾಕಿದ ಕಂಪನಿಗಳು. ಹಾಡು ಹಿಡಿಸಿದರೆ ಥಿಯೇಟರಿನ ತುಂಬ 'ಒನ್ಸ್ ಮೋರ್' ಎಂಬ ಕೂಗು. ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೊಮ್ಮೆ ಹಾಡಬೇಕು. ಹಾಡಿನ ಪುಸ್ತಕ ಕೊಂಡು ಮನೆಗೊಯ್ದವರು ಮರುದಿನ ಅದೇ ಧಾಟಿಯನ್ನು ಹಿತ್ತಿಲಲ್ಲಿ ಒರೆಗೆ ಹಚ್ಚುತ್ತಿದ್ದರು. ಮುದ್ರಣ ಕಾಶಿ ಎನಿಸಿಕೊಂಡ ಗದುಗಿನಲ್ಲಿ ಅಚ್ಚಿನ ಮನೆಗೂ ಹಾಡಿನ ಮನೆಗೂ ನಡುವೆ ಹೆಚ್ಚು ದೂರವಿರಲಿಲ್ಲ.

ಇಂಥ ಊರಿನವರು ಸ್ಟ್ರೀಮಿಂಗ್ ಬಂದು ಸಂಗೀತ ಕೆಟ್ಟಿತು ಎಂದು ಕೊರಗಿದರೆ ಒಪ್ಪುವುದು ಕಷ್ಟ. ಗದುಗು ಜಗತ್ತಿಗೆ ಕೊಟ್ಟ ಅತಿ ದೊಡ್ಡ ದನಿ ಹೊರಟದ್ದೇ ಒಂದು ಗ್ರಾಮೋಫೋನ್ ತಟ್ಟೆಯಿಂದ. 1922ರಲ್ಲಿ ಹುಟ್ಟಿ ಗದುಗಿನಲ್ಲಿ ಬೆಳೆದ ಭೀಮಸೇನ ಜೋಶಿ ಬಾಲಕರಾಗಿದ್ದಾಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿದರು. ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಹಾಗೆ ಹಾಡಬೇಕೆಂಬ ಹಟ ಹುಡುಗನನ್ನು 1933ರಲ್ಲಿ ಮನೆ ಬಿಡಿಸಿತು. ಗ್ವಾಲಿಯರ್, ಕೋಲ್ಕತ್ತ, ಜಲಂಧರ್ ಎಂದು ರೈಲಿನಲ್ಲಿ ಅಲೆದಾಯಿತು. ಕೊನೆಗೆ ಜಲಂಧರಿನಲ್ಲಿ ವಿನಾಯಕರಾವ್ ಪಟವರ್ಧನರು ಊರ ಕಡೆಗೇ ಬೆರಳು ತೋರಿಸಿದರು: ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳದಲ್ಲಿ, ಲಕ್ಷ್ಮೇಶ್ವರಕ್ಕೆ ಸಮೀಪದ ಊರಿನಲ್ಲಿ!

ಆ ತಟ್ಟೆ ಮುಗಿಯುತ್ತಿತ್ತು ಎಂಬುದನ್ನು ಗಮನಿಸಬೇಕು. ಮುಳ್ಳು ಕೊನೆಯ ಸುತ್ತಿಗೆ ಬಂದು ಕರಕರ ಸದ್ದು ಮಾಡಿದಾಗ ಹುಡುಗನಿಗೆ ಉಳಿದದ್ದು ಪ್ರಶ್ನೆಗಳು. ಹಾಡಿದವರು ಯಾರು? ಯಾರ ಹತ್ತಿರ ಕಲಿತರು? ಆ ವಿದ್ಯೆ ಎಲ್ಲಿ ಸಿಗುತ್ತದೆ? ಇಂದು ಮೊಬೈಲಿನಲ್ಲಿ ಹಾಡು ಮುಗಿಯುವ ಮೊದಲೇ ಮುಂದಿನದು ಸಿದ್ಧವಾಗಿರುತ್ತದೆ. ಪ್ರಶ್ನೆ ಏಳುವಷ್ಟು ಬಿಡುವು ಇಲ್ಲ. ಆ ಬಿಡುವನ್ನು ಕೇಳುಗನಿಗೆ ಮರಳಿ ಗಳಿಸಿಕೊಡುವುದೇ ಈ ಕಾಲದ ಸಂಗೀತ ವಿಮರ್ಶೆಯ ಮೊದಲ ಕೆಲಸ. ಯಾವ ಧ್ವನಿಮುದ್ರಣ ಚಲೋ, ಯಾವುದು ಸಾಧಾರಣ ಎಂಬ ಮಾತು ಆಮೇಲೆ.

ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರುವರಿಯಲ್ಲಿ. ಅಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ಎಣಿಕೆ. ವಿಲಂಬಿತ ಏಕತಾಲದ ಬಡಾ ಖ್ಯಾಲಿಗೆ ಈ ಗಡಿಯಾರ ಹಿಡಿದು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕಿರಾಣಾ ಘರಾಣೆಯವರ ಅತಿ ವಿಲಂಬಿತದಲ್ಲಿ ಹನ್ನೆರಡು ಮಾತ್ರೆಯ ಒಂದೇ ಆವರ್ತನ ಮುಕ್ಕಾಲು ನಿಮಿಷ ದಾಟುವುದುಂಟು. ಎಣಿಕೆ ಮುಗಿದ ಹೊತ್ತಿಗೆ ಗಾಯಕ ಇನ್ನೂ ಸಮಕ್ಕೇ ಬಂದಿಲ್ಲ! ಇಂಥಲ್ಲಿ ಮೂವತ್ತನೆಯ ಸೆಕೆಂಡಿನ ಆಚೆ ಏನಿದೆ ಎಂದು ಹೇಳಬಲ್ಲ ಒಬ್ಬರು ಬೇಕು. 'ಹನ್ನೊಂದನೆಯ ನಿಮಿಷದವರೆಗೆ ತಾಳಿರಿ, ತಾರ ಷಡ್ಜ ಅಲ್ಲಿದೆ. ಅದನ್ನು ಅಷ್ಟು ಹೊತ್ತು ತಡೆದು ಹಿಡಿದದ್ದೇ ಈ ಹಾಡಿನ ಹಿರಿಮೆ' ಎಂದು ಯಾರಾದರೂ ಬರೆದರೆ ಹೊಸ ಕೇಳುಗ ತಾಳುತ್ತಾನೆ.

ಸ್ಟ್ರೀಮಿಂಗ್ ಕೊಟ್ಟಿರುವ ಸುಖವೂ ದೊಡ್ಡದು. ಹಿಂದೆ ಧಾರವಾಡ ಆಕಾಶವಾಣಿ ಯಾವಾಗ ಯಾರನ್ನು ಹಾಕುತ್ತದೋ ಎಂದು ಕಾಯಬೇಕಿತ್ತು, ಇಲ್ಲವೇ ಯಾರದೋ ಮನೆಯ ಕ್ಯಾಸೆಟ್ಟಿಗೆ ಕೈಯೊಡ್ಡಬೇಕಿತ್ತು. ಈಗ ಮುಂಡರಗಿಯ ಹೊಲದ ಬದುವಿನಲ್ಲಿ ಕೂತವರೂ ಒಂದು ಪರಂಪರೆಯನ್ನು ಒಂದೇ ಸಂಜೆಯಲ್ಲಿ ಕಿವಿಯಿಂದ ನಡೆದು ನೋಡಬಹುದು. ನೀಲಕಂಠಬುವಾ ಅವರ ಪರಂಪರೆಯನ್ನೇ ತೆಗೆದುಕೊಳ್ಳಿ. ಅವರಿಂದ ಒಂದು ಕವಲು ಪಂಚಾಕ್ಷರ ಗವಾಯಿಗಳ ಮೂಲಕ ಬಸವರಾಜ ರಾಜಗುರು ಅವರಿಗೆ, ಪುಟ್ಟರಾಜರ ಮೂಲಕ ವೆಂಕಟೇಶ ಕುಮಾರರಿಗೆ ಬಂತು. ಇನ್ನೊಂದು ಕವಲು ಮಲ್ಲಿಕಾರ್ಜುನ ಮನಸೂರರದು. ಅವರು ಆಮೇಲೆ ಮಂಜೀಖಾನ್, ಬುರ್ಜೀಖಾನರಲ್ಲಿ ಜೈಪುರ-ಅತ್ರೌಲಿ ಘರಾಣೆಯ ದಾರಿ ಹಿಡಿದರು. ಮೂವರನ್ನು ಒಬ್ಬರ ಬೆನ್ನಿಗೊಬ್ಬರಂತೆ ಕೇಳಬೇಕು. ಮನಸೂರರಲ್ಲಿ ಒಂದು ಪಲುಕು ಮುಗಿಯುವ ಮುನ್ನವೇ ಇನ್ನೊಂದು ಅದರ ಹೊಟ್ಟೆಯಿಂದ ಹುಟ್ಟಿ ಬರುತ್ತದೆ. ಉಸಿರು ಎಲ್ಲಿ ತೆಗೆದುಕೊಂಡರು ಎಂದು ತಿಳಿಯುವುದಿಲ್ಲ. ರಾಜಗುರು ಅವರ ದನಿ ಸಿಹಿ, ಚುರುಕು. ಸಭೆಯನ್ನು ಕಣ್ಣಲ್ಲೇ ಅಳೆದು ಹಾಡುವವರ ಜಾಣ್ಮೆ ಅದರಲ್ಲಿದೆ. ವೆಂಕಟೇಶ ಕುಮಾರರದು ಎದೆ ತುಂಬಿ ತೆರೆದ ಕಂಠ. ಸ್ವರದ ಮೇಲೆ ನಿಂತಾಗ ಆ ಸ್ವರಕ್ಕೆ ಇಷ್ಟು ಅಗಲವಿತ್ತೇ ಎಂದು ಬೆರಗಾಗುತ್ತದೆ.

ವೆಂಕಟೇಶ ಕುಮಾರರ ಕಥೆ ಈ ಕಾಲದ್ದೇ. ಬಳ್ಳಾರಿ ಸೀಮೆಯಲ್ಲಿ 1953ರಲ್ಲಿ ಹುಟ್ಟಿದ ಅವರನ್ನು ಸೋದರಮಾವ ಬೆಳಗಲ್ಲು ವೀರಣ್ಣನವರು ಆಶ್ರಮಕ್ಕೆ ತಂದು ಬಿಟ್ಟರು. ಹನ್ನೆರಡು ವರ್ಷ ಅಲ್ಲಿ ಕಲಿತು, ಬಹುಕಾಲ ಧಾರವಾಡದ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದರು. ಉತ್ತರ ಕರ್ನಾಟಕದ ಮಠಮಾನ್ಯಗಳ ಜಗಲಿಯಲ್ಲಿ ಜನ ಅವರನ್ನು ಎಂದೋ ಗುರುತಿಸಿದ್ದರು. 1993ರಲ್ಲಿ ಭೀಮಸೇನ ಜೋಶಿಯವರು ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಕರೆಸಿದರು. ಆದರೂ ದೇಶದ ಉಳಿದ ಕೇಳುಗರು ಅವರನ್ನು ಮನೆಮನೆಗೆ ಬರಮಾಡಿಕೊಂಡದ್ದು ಇಂಟರ್‌ನೆಟ್ಟಿನಲ್ಲಿ ಕಛೇರಿಗಳ ವಿಡಿಯೊ ಹರಿದಾಡತೊಡಗಿದ ಮೇಲೆ. ಲಂಡನ್ನಿನ ದರ್ಬಾರ್ ಉತ್ಸವದವರ ವಿಡಿಯೊಗಳಲ್ಲೂ ಅವರಿದ್ದಾರೆ. ಪದ್ಮಶ್ರೀ ಬಂದದ್ದು 2016ರಲ್ಲಿ. ಸಂಗೀತದ ಮೊದಲ ತೀರ್ಪು ದೊಡ್ಡ ನಗರದಲ್ಲೇ ಆಗುತ್ತದೆ ಎಂದು ನಂಬಿದವರಿಗೆ ಹಿಂದಿನ ಸಾಲಿನ ಗದುಗಿನವರು ದಶಕಗಳ ಮೊದಲೇ ಉತ್ತರ ಹೇಳಿದ್ದರು. ಅದನ್ನು ಯಾರೂ ಬರೆದಿಡಲಿಲ್ಲ ಎಂಬುದಷ್ಟೇ ಕೊರತೆ.

ವಚನ ಗಾಯನದ ಚರ್ಚೆ ಈ ಕಡೆಯವರಿಗೆ ಹೋಳಿಗೆಯಷ್ಟೇ ಪ್ರೀತಿ. ವಚನಕ್ಕೆ ಹಾಡಿನಂತೆ ಕಟ್ಟಿದ ಛಂದಸ್ಸಿಲ್ಲ. ಮಾತಿನ ಉಸಿರೇ ಅದರ ಲಯ. ಅದನ್ನು ರಾಗಕ್ಕೆ ಕೂರಿಸುವಾಗ ತಾಲದ ಅನುಕೂಲಕ್ಕೆ ಶಬ್ದ ತುಂಡಾದರೆ ಶರಣರ ಮಾತು ಊನವಾಗುತ್ತದೆ. ಮಾತಿಗೇ ಜೋತುಬಿದ್ದರೆ ರಾಗ ಬಡವಾಗುತ್ತದೆ. ಮನಸೂರ, ರಾಜಗುರು, ಸಿದ್ಧರಾಮ ಜಂಬಲದಿನ್ನಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಈ ಗಂಟು ಬಿಡಿಸಿದರು. ಸಂಗೀತ ಬಲ್ಲವರಿಗೂ ವಚನ ಬಲ್ಲವರಿಗೂ ಇಲ್ಲಿ ಸಮಾನ ಹಕ್ಕಿದೆ. ತಾನ ಕೇಳಿ ತೂಗಿದ ತಲೆಯೇ, ಅಂಕಿತದ ಸಾಲನ್ನು ಗಾಯಕ ಅವಸರದಲ್ಲಿ ನುಂಗಿದಾಗ ಅಡ್ಡಡ್ಡ ಅಲ್ಲಾಡುತ್ತದೆ.

ಟ್ರ್ಯಾಕ್ಟರಿನ ಸ್ಪೀಕರಿನಿಂದ ಕೇಳುವ ಸಂಗೀತದ ಬಗ್ಗೆ ಮಾತ್ರ ಯಾರೂ ಗಂಭೀರವಾಗಿ ಬಾಯಿ ಬಿಡುವುದಿಲ್ಲ. 'ಉತ್ತರ ಕರ್ನಾಟಕ ಜಾನಪದ' ಎಂಬ ಹೆಸರಿನಲ್ಲಿ ಸಣ್ಣ ಊರುಗಳ ಸ್ಟುಡಿಯೊಗಳಲ್ಲಿ ತಯಾರಾಗಿ ಯೂಟ್ಯೂಬ್ ತುಂಬಿರುವ ಪ್ರೇಮದ, ವಿರಹದ, ಡ್ರೈವರುಗಳ ಹಾಡುಗಳಿವು. ಓದಿದವರು ಮೂಗು ಮುರಿಯುತ್ತಾರೆ, ಕೇಳುವವರು ಕೇಳುತ್ತಲೇ ಇದ್ದಾರೆ. ಎರಡೂ ಕಡೆ ವಿಮರ್ಶೆಯಿಲ್ಲ. ಹಲವು ಹಾಡುಗಳಲ್ಲಿ ಕೀಬೋರ್ಡಿನ ಒಂದೇ ಬಡಿತ ಮರುಕಳಿಸುತ್ತದೆ, ಯಂತ್ರ ತಿದ್ದಿದ ಸ್ವರದಲ್ಲಿ ಹಾಡುವವನ ಗಂಟಲು ಕಾಣೆಯಾಗುತ್ತದೆ, ಇದನ್ನು ಹೇಳಲೇಬೇಕು. ಆದರೆ ಕೆಲವು ಹಾಡುಗಳಲ್ಲಿ ಡೊಳ್ಳಿನ ನಡೆ, ಗೀಗೀ ಪದದ ಎಳೆತ, ಮೊಹರಮ್ಮಿನ ರಿವಾಯತ್ ಪದದ ಏರುದನಿ ಇನ್ನೂ ಉಸಿರಾಡುತ್ತಿದೆ. ಅದನ್ನು ಹೆಸರಿಟ್ಟು ತೋರಿಸುವುದೂ ಅಷ್ಟೇ ಅಗತ್ಯ.

ಜನಪದರಲ್ಲೂ ವಿಮರ್ಶೆ ಇತ್ತು, ಅದೂ ಹಾಡಿನಲ್ಲೇ. ಹರದೇಶಿ-ನಾಗೇಶಿ ಮೇಳಗಳ ಸವಾಲ್-ಜವಾಬಿನಲ್ಲಿ ಒಂದು ಮೇಳ ಹಾಡಿದ್ದರ ಸೋಲುಗೆಲುವನ್ನು ಇನ್ನೊಂದು ಮೇಳ ಅಲ್ಲೇ, ಆಗಲೇ ಹಾಡಿ ತೋರಿಸುತ್ತಿತ್ತು. ಕೇಳುತ್ತ ಕೂತ ಊರು ಪಂಚರಂತೆ ತೂಗುತ್ತಿತ್ತು. ಈಗ ಅಂಥ ತೂಕ ಅಪರೂಪ. ಲಕ್ಷ್ಮೇಶ್ವರದ ಪಕ್ಕದ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯಿಂದ ಬಂದ ಹಾಡುಗಾರ ಹನುಮಂತ, ಟಿವಿಯ 'ಸರಿಗಮಪ' ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದಾಗ ನಾಡು ಅವರ ಮುಗ್ಧತೆಯನ್ನು, ಕುರಿ ಕಾಯ್ದ ಬದುಕನ್ನು ಕೊಂಡಾಡಿತು. 2025ರ ಜನವರಿಯಲ್ಲಿ 'ಬಿಗ್ ಬಾಸ್' ಗೆದ್ದಾಗಲೂ ಮಾತು ಮುಗ್ಧತೆಯದೇ. ಬಯಲಿನಲ್ಲಿ ಪಳಗಿದ ಆ ಏರುದನಿ ಯಾವ ಹಾಡುಪದ್ಧತಿಯಿಂದ ಬಂತು, ಸ್ಟುಡಿಯೊದ ಶ್ರುತಿಗೆ ಒಗ್ಗುವಾಗ ಅದು ಏನು ಉಳಿಸಿಕೊಂಡಿತು ಎಂಬ ಮಾತು ಅಪರೂಪ. ಕಲಾವಿದನಿಗೆ ಸಲ್ಲಬೇಕಾದ ದೊಡ್ಡ ಗೌರವ ಅಂಥ ಪ್ರಶ್ನೆಯಲ್ಲಿದೆ.

ಇನ್ನು ಪಕ್ಕವಾದ್ಯದವರು. ಸ್ಟ್ರೀಮಿಂಗಿನಲ್ಲಿ ಎಷ್ಟೋ ಧ್ವನಿಮುದ್ರಣಗಳ ಮೇಲೆ ಗಾಯಕನ ಹೆಸರು, ರಾಗದ ಹೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ಯಾವ ವರ್ಷ, ಯಾವ ಊರು, ತಬಲಾ ಯಾರು, ಹಾರ್ಮೋನಿಯಂ ಯಾರು? ಹಳೆಯ ಎಲ್‌ಪಿಯ ಹೊದಿಕೆಯ ಬೆನ್ನಿನಲ್ಲಿ ಈ ವಿವರಗಳು ಸಿಗುತ್ತಿದ್ದವು. ಆಶ್ರಮದಂಥ ಕಡೆಯಿಂದ ಹೊರಬಂದ ನೂರಾರು ಮಂದಿಗೆ ಸಾಥಿಯೇ ಜೀವನ, ಸಾಥಿಯೇ ಅನ್ನ. ಅವರಲ್ಲಿ ಕಣ್ಣಿಲ್ಲದವರೂ ಇದ್ದಾರೆ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವನ್ನು ಅವರು ಮೊಬೈಲಿನಲ್ಲಿ ಇಟ್ಟುಕೊಂಡರೂ, ತಾವೇ ನುಡಿಸಿದ ಕಛೇರಿಯಲ್ಲಿ ತಮ್ಮ ಹೆಸರನ್ನು ಅದು ಓದುವುದಿಲ್ಲ, ಏಕೆಂದರೆ ಯಾರೂ ಅದನ್ನು ಬರೆದಿಲ್ಲ. ಬರೆಯಲು ಸಾಕ್ಷಿಗಳು ಇನ್ನೂ ಇದ್ದಾರೆ. ಠೇಕಾದ ನಾಲ್ಕು ಆವರ್ತನ ಕೇಳಿಸಿದರೆ, ಡಗ್ಗಾದ ಮೇಲೆ ಅಂಗೈ ಒತ್ತಿದ ರೀತಿಯಿಂದಲೇ 'ಇದು ಇಂಥವರ ಕೈ' ಎಂದು ಗುರುತಿಸುವ ಹಿರಿಯರು ಗದುಗಿನಲ್ಲೂ ಲಕ್ಷ್ಮೇಶ್ವರದಲ್ಲೂ ಸಿಗುತ್ತಾರೆ. ಅವರ ಮುಂದೆ ಮೊಬೈಲು ಹಿಡಿದು, ಒಂದೊಂದೇ ಧ್ವನಿಮುದ್ರಣ ಕೇಳಿಸಿ, ಹೇಳಿದ ಹೆಸರುಗಳನ್ನು ಬರೆದುಕೊಳ್ಳುವವರು ಬೇಕು.