ಬಿರಿಗೆ ಬಡಿದ ಬೂಟು

ಬೆಂಗಳೂರಿನಲ್ಲಿರುವ ಅಕ್ಕನ ಮಗ ಮೊನ್ನೆ ಬ್ರೇಕ್ ಪ್ಯಾಡುಗಳ ಪಟ್ಟಿಯೊಂದನ್ನು ವಾಟ್ಸಾಪಿಗೆ ಕಳಿಸಿ, ‘ಮಾಮಾ, ಇದ್ರಾಗೆ ಯಾವುದು ಹಾಕಿಸ್ಲಿ?’ ಅಂದ. ಗುಮ್ಮಘಟ್ಟದಿಂದ ರಾಯದುರ್ಗಕ್ಕೆ ಟಿವಿಎಸ್ ಎಕ್ಸೆಲ್‌ನಲ್ಲಿ ಹೋಗಿಬರುವ ನನ್ನನ್ನು ಕೇಳಿದನೆಂದರೆ ಉಳಿದವರನ್ನೆಲ್ಲ ಆಗಲೇ ಕೇಳಿ ಮುಗಿಸಿದ್ದಾನೆ ಅಂತಲೇ ಅರ್ಥ. ಅವನದು ಪೋಲೊ ಜಿಟಿ. ಅದು ಸ್ಪೋರ್ಟ್ಸ್ ಕಾರು ಹೌದೋ ಅಲ್ಲವೋ ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಪ್ಯಾಡು ಏನಿದ್ದರೂ ಮುಂದಿನ ಚಕ್ರಕ್ಕೇ, ಹಿಂದಿನವಕ್ಕೆ ನನ್ನ ಎಕ್ಸೆಲ್ಲಿಗಿರುವ ಡ್ರಮ್ಮೇ ಗತಿ ಎಂಬುದನ್ನಂತೂ ಎತ್ತುವುದೇ ಇಲ್ಲ. ಪಟ್ಟಿಯ ಕೊನೆಯಲ್ಲಿ ಫೆರೊಡೊ ಎಂಬ ಹೆಸರಿತ್ತು. ಅಷ್ಟು ಸಾಕಾಯಿತು ನನಗೆ.

ಫೆರೊಡೊ ಕಟ್ಟಿದವನು ಹರ್ಬರ್ಟ್ ಫ್ರೂಡ್. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಗಾಡಿಯವರು ಚಕ್ರಕ್ಕೆ ಒತ್ತುವ ಮರದ ತುಂಡಿಗೆ ಹಳೇ ಬೂಟು ಬಡಿದುಕೊಂಡು ಇಳಿಜಾರು ಇಳಿಯುತ್ತಿದ್ದರಂತೆ. ಬರೀ ಮರ ಜಾರುತ್ತದೆ, ಬೂಟು ಹಿಡಿಯುತ್ತದೆ. ಅದನ್ನು ಕಂಡ ಫ್ರೂಡ್ 1897ರಲ್ಲಿ ಹಿತ್ತಲ ಶೆಡ್ಡಿನಲ್ಲಿ ಕೂತು, ನೇಯ್ದ ಪಟ್ಟಿಗೆ ಅಂಟು ಕುಡಿಸಿ, ಬೂಟಿಗಿಂತ ಬಾಳಿಕೆಯ ಬ್ಲಾಕು ಮಾಡಿದ. ಮೋಟಾರು ಬಂದು ವೇಗ ಏರಿದ್ದೇ ಬಟ್ಟೆ ಕರಕಲಾಗತೊಡಗಿತು; 1908ರಲ್ಲಿ ಕಲ್ನಾರಿಗೆ ಕೈಹಾಕಿದ. ಕಲ್ನಾರೇನು ನಮಗೆ ಅಪರಿಚಿತವೇ, ಪಕ್ಕದ ಕಡಪ ಜಿಲ್ಲೆಯ ಪುಲಿವೆಂದುಲದ ಸುತ್ತ ನೆಲ ಅಗೆದರೆ ಅದೇ. ಅದರ ಧೂಳು ಶ್ವಾಸಕೋಶ ತಿನ್ನುತ್ತದೆ ಎಂದು ಗೊತ್ತಾಗಿ ಪ್ಯಾಡಿನಿಂದ ಅದು ಮರೆಯಾಗುವ ಹೊತ್ತಿಗೆ ಮೆಕ್ಯಾನಿಕ್ಕುಗಳ ಒಂದೆರಡು ತಲೆಮಾರು ಅದನ್ನು ಉಫ್ ಎಂದು ಊದಿ ಒಳಗೆಳೆದುಕೊಂಡಾಗಿತ್ತು. 1953ರಲ್ಲಿ ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನ ಬಲದಿಂದ ಲೆ ಮಾನ್ ರೇಸು ಗೆದ್ದ ಕತೆಯನ್ನು ಅಕ್ಕನ ಮಗ ನನಗಿಂತ ಚೆನ್ನಾಗಿ ಹೇಳುತ್ತಾನೆ. ನಾನು ಬೂಟಿನಿಂದ ಮುಂದಕ್ಕೆ ಹೋಗಲಾರೆ.

ನಮ್ಮ ತಾತನ ಗಾಡಿಗೆ ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರ. ಹಿಂದೆ ಅಡ್ಡಕ್ಕೆ ಒಂದು ಜಾಲಿ ತೊಲೆ, ಅದರ ಎರಡೂ ತುದಿಗೆ ಚಕ್ರಕ್ಕೆ ಎದುರಾಗಿ ಎರಡು ಕಟ್ಟಿಗೆ ತುಂಡು. ಹಗ್ಗ ಜಗ್ಗಿದರೆ ತೊಲೆ ಬಂದು ಚಕ್ರಕ್ಕೆ ಒತ್ತಿಕೊಳ್ಳಬೇಕು. ಅದೇ ಬಿರಿ. ಬಯಲುಸೀಮೆಯಲ್ಲಿ ಬಿರಿ ಯಾತಕ್ಕೆ ಎನ್ನುವವರು ಶೇಂಗಾ ಚೀಲ ಹೇರಿಕೊಂಡು ಹಗರಿಯ ದಂಡೆ ಇಳಿದವರಲ್ಲ. ಭಾರವೆಲ್ಲ ಮುಂದಕ್ಕೆ ಬಂದು ನೊಗ ಎತ್ತಿನ ಕೊಂಬಿನ ಕಡೆಗೆ ಜಾರುತ್ತದೆ. ಎತ್ತು ಕಾಲೂರಿ ತಡೆಯುತ್ತದೆ, ಎಷ್ಟಂತ ತಡೆದೀತು? ಕಟ್ಟಿಗೆ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಗಾಜಿನ ಹಾಗೆ ನುಣುಪಾಗುತ್ತಿತ್ತು. ಆಮೇಲೆ ಜಗ್ಗಿದಷ್ಟೂ ಕಿರ್ರೆನ್ನುವ ಸದ್ದು ಬಂದೀತೇ ಹೊರತು ಗಾಡಿ ನಿಲ್ಲದು. ಆಗ ತಾತ ತನ್ನ ಸವೆದ ಎಕ್ಕಡದ ಅಟ್ಟೆ ಕಿತ್ತು ಬಿರಿಗೆ ಬಡಿಯುತ್ತಿದ್ದ. ಮೊಳೆಯ ತಲೆ ಚರ್ಮದೊಳಗೆ ಪೂರ್ತಿ ಹೂತುಹೋಗಬೇಕು, ಮೇಲೆದ್ದರೆ ಚಕ್ರದ ಪಟ್ಟಿಗೆ ಗೀರು. ಮಳೆಗಾಲಕ್ಕೆ ಚರ್ಮ ಬೇಡ, ಬಸ್ಸಿನ ಹಳೇ ಟೈರು. ದಂಡೆ ಇಳಿದಾದ ಮೇಲೆ ಕೆಳಗಿಳಿದು ಬಿರಿಯನ್ನು ಬೆರಳಿಂದ ಮುಟ್ಟಿ, ಆ ಬೆರಳನ್ನು ಮೂಗಿಗೆ ಹಿಡಿಯುತ್ತಿದ್ದ. ಸುಟ್ಟ ನಾತ ಬಂದರೆ ಎತ್ತಿಗೂ ಬಿರಿಗೂ ಒಟ್ಟಿಗೇ ವಿಶ್ರಾಂತಿ.

ಡರ್ಬಿಶೈರಿನವರಿಗೂ ನಮ್ಮ ತಾತನಿಗೂ ಪತ್ರವ್ಯವಹಾರವೇನೂ ಇರಲಿಲ್ಲ. ಫ್ರೂಡ್ ಈ ಕಡೆ ಒಮ್ಮೆ ಹಾದುಹೋಗಿದ್ದರೆ ಫೆರೊಡೊ ಕಾರ್ಖಾನೆ ಭೈರವಾನಿತಿಪ್ಪ ಅಣೆಕಟ್ಟಿನ ಪಕ್ಕದಲ್ಲೇ ಇರುತ್ತಿತ್ತು ಎಂದು ನಾನು ಆಗಾಗ ವಾದ ಹೂಡುವುದುಂಟು. ಮನೆಯವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ.

ಹುಡುಗನಿಗೆ ಉತ್ತರ ಹೇಳಬೇಕಿತ್ತಲ್ಲ. ಬಹಳಷ್ಟು ಪ್ಯಾಡುಗಳ ಅಂಚಿನ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳ ಅಚ್ಚಿರುತ್ತದೆ: ಮೊದಲನೆಯದು ಮಾಮೂಲಿ ಬಿಸಿಯಲ್ಲಿ ಹಿಡಿತ ಎಷ್ಟು ಎಂಬುದಕ್ಕೆ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಎಂಬುದಕ್ಕೆ. ‘ಇ’ ಅಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಅಂದರೆ 0.45ರವರೆಗೆ, ‘ಜಿ’ ಅಂದರೆ 0.55ರವರೆಗೆ. ಅವನ ಕಣ್ಣೆಲ್ಲ ಎರಡನೇ ಅಕ್ಷರದ ಮೇಲೆ. ಆದರೆ ಅಪ್ಪಟ ರೇಸಿನ ಪ್ಯಾಡು ಕಾದ ಮೇಲೇ ಮೈಮುರಿದು ಏಳುವುದು. ತಣ್ಣಗಿದ್ದಾಗ ಒತ್ತಿದರೆ ಯೋಚನೆ ಮಾಡುತ್ತಾ ಕೂರುತ್ತದೆ. ಚಳ್ಳಕೆರೆ ಕಡೆಯಿಂದ ಬೆಳಗಿನ ಜಾವ ಬರುವಾಗ ಎದುರಿಗೆ ಕುರಿಹಿಂಡು ಸಿಕ್ಕರೆ, ಪ್ಯಾಡು ಕಾಯಲಿ ಅಂತ ಕುರಿ ಕಾಯುತ್ತದೆಯೇ? ‘ಎರಡಕ್ಷರವೂ ಎಫ್ ಇರೋದು ತಗೊ, ಮೊದಲು ಫ್ಲೂಯಿಡ್ ಬದಲಾಯಿಸು’ ಅಂದೆ. ಡಾಟ್ 4 ಬ್ರೇಕ್ ಫ್ಲೂಯಿಡ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಕುಡಿದದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಒಳಗೆ ಆವಿ ಎದ್ದರೆ ಪೆಡಲ್ಲು ನೆಲ ಮುಟ್ಟುತ್ತದೆ, ಪ್ಯಾಡು ಯಾವ ಕಂಪನಿಯದಾದರೇನು.

ಫೆರೊಡೊ ಹಾಕಿಸಿದನೋ ಇನ್ನೊಂದೋ, ನಾನು ಕೇಳಲಿಲ್ಲ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕಲ್ಲ, ಊರಿಗೆ ಬಂದವನೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಯದುರ್ಗದ ರಸ್ತೆಗೆ ಹೊರಟ. ಎಂಬತ್ತಕ್ಕೆ ಏರಿಸುವುದು, ಪೂರ್ತಿ ನಿಲ್ಲಿಸದೆ ಇಪ್ಪತ್ತಕ್ಕೆ ಇಳಿಸುವುದು, ಮತ್ತೆ ಏರಿಸುವುದು. ರಸ್ತೆ ಪಕ್ಕದಲ್ಲಿ ಒಕ್ಕಣೆಗೆ ಹುರುಳಿ ಹರವಿದ್ದ ಮುದುಕಿ ನಮ್ಮ ಆಟ ನೋಡಿ ನೋಡಿ ಸಾಕಾಗಿ ಕೈ ಅಡ್ಡ ಹಿಡಿದಳು. ‘ಹೆಂಗೂ ಹಿಂದಕ್ಕೂ ಮುಂದಕ್ಕೂ ತಿರುಗ್ತಾ ಇದೀರ, ಈ ಹುರುಳಿ ಮ್ಯಾಲೆ ಹಾಯಿಸ್ರಪ್ಪಾ, ನನ್ನ ಕೆಲಸಾನಾದ್ರೂ ಆಗ್ಲಿ.’